ಕಡಿಮೆ ಖರ್ಚಿನಲ್ಲಿ ಡೆಸ್ಕ್‌ಟಾಪ್ ಜೋಡಿಸುವುದು: ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು

ಬಿಡಿಭಾಗ ತಂದು ತಾವೇ ಡೆಸ್ಕ್‌ಟಾಪ್ ಜೋಡಿಸಲು ಹೊರಟ ಹೆಚ್ಚಿನವರು ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ಅದಕ್ಕೊಂದಿಷ್ಟು, ಗ್ರಾಫಿಕ್ಸ್ ಕಾರ್ಡ್‌ಗೊಂದಿಷ್ಟು ಎಂದು ಕಳೆಯುತ್ತಾ ಬಂದರೆ ಪವರ್ ಸಪ್ಲೈ ಹೊತ್ತಿಗೆ ಕೈಯಲ್ಲಿ ಚಿಲ್ಲರೆ ಉಳಿದಿರುತ್ತದೆ. ಕ್ಯಾಬಿನೆಟ್ ಜೊತೆಗೇ ಒಂದು ಎಸ್‌ಎಂಪಿಎಸ್ (ಪವರ್ ಸಪ್ಲೈಗೇ ಇನ್ನೊಂದು ಹೆಸರು) ಬರುತ್ತದಲ್ಲ, ಸದ್ಯಕ್ಕೆ ಅದೇ ಇರಲಿ ಎಂದುಕೊಳ್ಳುತ್ತಾರೆ. ಇಡೀ ಪಟ್ಟಿಯಲ್ಲಿ ಇದಕ್ಕಿಂತ ಕೆಟ್ಟ ಉಳಿತಾಯ ಇನ್ನೊಂದಿಲ್ಲ. ಯಾಕೆಂದು ಪವರ್ ಸಪ್ಲೈ ಹಂತಕ್ಕೆ ಬಂದಾಗ ನೋಡೋಣ.

ದುಡ್ಡು ಬಿಗಿ ಇದ್ದಾಗ ಪ್ರತಿ ಭಾಗಕ್ಕೂ ನಾನು ಕೇಳುವ ಪ್ರಶ್ನೆ ಒಂದೇ. ನಾಳೆ ಕೈಗೆ ಕಾಸು ಬಂದಾಗ, ಉಳಿದ ಯಾವುದನ್ನೂ ಬಿಚ್ಚದೆ ಇದೊಂದನ್ನು ಬದಲಿಸಬಹುದೇ, ಅಥವಾ ಇದರ ಪಕ್ಕದಲ್ಲಿ ಇನ್ನೊಂದನ್ನು ಸೇರಿಸಬಹುದೇ? ಆಗುತ್ತದೆ ಎಂದಾದರೆ ಅಲ್ಲಿ ಈಗ ಧೈರ್ಯವಾಗಿ ಉಳಿಸಿ. ಆಗುವುದಿಲ್ಲ ಎಂದಾದರೆ ಅಲ್ಲಿ ಉಳಿಸಿದ ಹಣ ಮುಂದೆ ದುಪ್ಪಟ್ಟಾಗಿ ಕೈಬಿಡುತ್ತದೆ. ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಬಹುಮಟ್ಟಿಗೆ ರ‍್ಯಾಮ್ ಮೊದಲ ಗುಂಪಿಗೆ ಸೇರುತ್ತವೆ. ಮದರ್‌ಬೋರ್ಡ್ ಮತ್ತು ಪವರ್ ಸಪ್ಲೈ ಎರಡನೆಯ ಗುಂಪು. ಪ್ರೊಸೆಸರ್ ಯಾವ ಕಡೆ ವಾಲುತ್ತದೆ ಎನ್ನುವುದು ನೀವು ಆರಿಸುವ ಸಾಕೆಟ್‌ಗೆ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಬಿಟ್ಟದ್ದು.

ಹಂತ 1: ಕೆಲಸ ಬರೆಯಿರಿ, ಆಮೇಲೆ ಮೊತ್ತ ಬರೆಯಿರಿ

ಕಂಪ್ಯೂಟರ್ ಮುಂದೆ ಕೂತು ದಿನದಲ್ಲಿ ನಿಜವಾಗಿ ಏನು ಮಾಡುತ್ತೀರಿ ಎಂದು ಮೂರ್ನಾಲ್ಕು ಸಾಲು ಬರೆಯಿರಿ. ‘ಎಲ್ಲದಕ್ಕೂ ಆಗಬೇಕು’ ಎಂದು ಬರೆದರೆ ದುಡ್ಡು ಎಲ್ಲ ಕಡೆ ಚೆಲ್ಲಿಹೋಗಿ ಯಾವುದಕ್ಕೂ ಸಾಲುವುದಿಲ್ಲ.

ಬ್ರೌಸರ್, ಪತ್ರ, ಲೆಕ್ಕಪತ್ರ, ಆನ್‌ಲೈನ್ ಪಾಠ, ಸಿನಿಮಾ ಇಷ್ಟೇ ಆದರೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಪ್ರೊಸೆಸರ್‌ನ ಒಳಗೇ ಇರುವ ಗ್ರಾಫಿಕ್ಸ್ ಧಾರಾಳ. ಪ್ರೋಗ್ರಾಮಿಂಗ್ ಮಾಡುವವರು ಕೋರ್‌ಗಳಿಗೂ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳು) ರ‍್ಯಾಮ್‌ಗೂ ಖರ್ಚು ಮಾಡಲಿ. ವಿಡಿಯೋ ಎಡಿಟಿಂಗ್ ಆದರೆ ರ‍್ಯಾಮ್, ಎಸ್‌ಎಸ್‌ಡಿ ಜಾಗ, ಜೊತೆಗೆ ವಿಡಿಯೋ ಎನ್‌ಕೋಡ್, ಡಿಕೋಡ್ (ಕುಗ್ಗಿಸಿ ಬರೆಯುವುದು, ಬಿಡಿಸಿ ಓದುವುದು) ಮಾಡುವ ಹಾರ್ಡ್‌ವೇರ್ ಮುಖ್ಯ. ಇಂಟೆಲ್‌ನ ಒಳಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಈ ಕೆಲಸದಲ್ಲಿ ಪಳಗಿದ ಕೈ. ಗೇಮ್ ಆಡುವವರ ಲೆಕ್ಕ ಬೇರೆಯೇ: ಮಾನಿಟರ್ ಬಿಟ್ಟು ಉಳಿದ ಮೊತ್ತದ ಮೂರನೇ ಒಂದು ಭಾಗದಿಂದ ಶೇ 40ರವರೆಗೆ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು, ಹೋಗಲಿ.

ಮಾನಿಟರ್ ಯಾವುದೆಂದು ಈಗಲೇ ತೀರ್ಮಾನಿಸಿ. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 2560×1440ರಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತಾರು ಸಲ ಇಷ್ಟು ಚುಕ್ಕೆ ಬಿಡಿಸಬೇಕು. ಬಿಗಿ ಬಜೆಟ್ಟಿನಲ್ಲಿ 1080ಪಿ ಪರದೆ ಆರಿಸಿದರೆ ಮಾನಿಟರ್ ಜೊತೆಗೆ ಗ್ರಾಫಿಕ್ಸ್ ಕಾರ್ಡಿನ ಖರ್ಚೂ ತಾನಾಗಿ ಇಳಿಯುತ್ತದೆ.

ಮೊತ್ತ ಬರೆಯುವಾಗ ಜನ ಮರೆಯುವ ಸಣ್ಣಪುಟ್ಟವೂ ಇವೆ. ಕೀಬೋರ್ಡ್, ಮೌಸ್, ಸ್ಪೀಕರ್ ಅಥವಾ ಹೆಡ್‌ಫೋನ್, ವಿಂಡೋಸ್ ಲೈಸೆನ್ಸ್ ಇವೆಲ್ಲ ಸೇರಬೇಕು. ಅಗ್ಗದ ಮದರ್‌ಬೋರ್ಡ್ ಬಹಳಷ್ಟರಲ್ಲಿ ವೈಫೈ ಇರುವುದಿಲ್ಲ, ಅದಕ್ಕೊಂದು ಕಾರ್ಡ್ ಅಥವಾ ಯುಎಸ್‌ಬಿ ಅಡಾಪ್ಟರ್ ಬೇಕು. ಲಿನಕ್ಸ್ ಹಾಕಿಕೊಳ್ಳುವವರಿಗೆ ಲೈಸೆನ್ಸಿನ ಖರ್ಚು ಉಳಿಯುತ್ತದೆ.

ಹಂತ 2: ಸಾಕೆಟ್ ಆರಿಸಿ

ಪ್ರೊಸೆಸರ್ ಹೆಸರಿಗಿಂತ ಮೊದಲು ಅದು ಕೂರುವ ಸಾಕೆಟ್ ತೀರ್ಮಾನವಾಗಬೇಕು. ಮುಂದೆ ಯಾವ ಪ್ರೊಸೆಸರ್ ಹಾಕಬಹುದು, ಯಾವ ರ‍್ಯಾಮ್ ಹಿಡಿಯುತ್ತದೆ ಎಂಬುದನ್ನೆಲ್ಲ ಅದೇ ಕಟ್ಟಿಹಾಕುತ್ತದೆ.

ಎಎಂಡಿಯ ಎಎಂ4 ಹಳೆಯದು, ಡಿಡಿಆರ್4 ಪೀಳಿಗೆಯ ರ‍್ಯಾಮ್ ಬಳಸುತ್ತದೆ. ರೈಜೆನ್ ಪ್ರೊಸೆಸರ್‌ಗಳು ಇದರ ಮೇಲೆ ಬಂದದ್ದು 2017ರಲ್ಲಿ. ಆಗ ಕೊಂಡ ಎಷ್ಟೋ ಬೋರ್ಡ್‌ಗಳಲ್ಲಿ ಬಯೋಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಮಾಡಿ 2022ರ ರೈಜೆನ್ 7 5800ಎಕ್ಸ್3ಡಿ ಕೂರಿಸಲು ಸಾಧ್ಯವಾಯಿತು. ಐದು ವರ್ಷ ಹಳೆಯ ಬೋರ್ಡ್ ಮೇಲೆ ಆ ಕಾಲದ ಅತ್ಯುತ್ತಮ ಗೇಮಿಂಗ್ ಪ್ರೊಸೆಸರ್‌ಗಳಲ್ಲೊಂದು! ಸಾಕೆಟ್ ಮುಖ್ಯ ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ಇವತ್ತು ಎಎಂ4 ತನ್ನ ದಾರಿಯ ಕೊನೆಗೆ ಬಂದಿದೆ, ಆದರೆ ಅಗ್ಗ.

ಎಎಂ5 ಬಂದದ್ದು 2022ರಲ್ಲಿ. ಡಿಡಿಆರ್5 ಮಾತ್ರ ಹಿಡಿಯುತ್ತದೆ. 2027 ಮತ್ತು ಅದರಾಚೆಗೂ ಈ ಸಾಕೆಟ್‌ಗೆ ಬೆಂಬಲ ಇರುತ್ತದೆಂದು ಎಎಂಡಿ ಹೇಳಿದೆ. ಶುರುವಿನ ಖರ್ಚು ಹೆಚ್ಚು, ಆದರೆ ಮೂರು ವರ್ಷದ ಮೇಲೆ ಪ್ರೊಸೆಸರ್ ಒಂದನ್ನೇ ಬದಲಿಸುವ ಅವಕಾಶ ಸಿಗುವುದು ಇಲ್ಲಿ.

ಇಂಟೆಲ್‌ನ ಎಲ್‌ಜಿಎ1700ರಲ್ಲಿ 12, 13, 14ನೇ ಜನರೇಷನ್ ಪ್ರೊಸೆಸರ್‌ಗಳು ಕೂರುತ್ತವೆ. ಕೆಲವು ಬೋರ್ಡ್ ಡಿಡಿಆರ್4ರವು, ಕೆಲವು ಡಿಡಿಆರ್5ರವು. ಒಂದರ ರ‍್ಯಾಮ್ ಇನ್ನೊಂದಕ್ಕೆ ಹೋಗುವುದಿಲ್ಲ, ಸ್ಟಿಕ್‌ನ ಅಡಿಯಲ್ಲಿರುವ ತೋಡಿನ ಜಾಗವೇ ಬೇರೆ. ಹಾಗಾಗಿ ಬೋರ್ಡ್ ಹೆಸರಿನ ಕೊನೆಯಲ್ಲಿ ‘ಡಿ4’ ಇದೆಯೇ ಇಲ್ಲವೇ ಎಂಬುದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ. 2024ರಲ್ಲಿ ಇಂಟೆಲ್ ಎಲ್‌ಜಿಎ1851ಕ್ಕೆ ಹೊರಳಿದ್ದರಿಂದ 1700ಕ್ಕೆ ಎತ್ತರಕ್ಕೇರುವ ದಾರಿ ಹೆಚ್ಚಿಲ್ಲ.

2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಇಂಥ ಹೊತ್ತಿನಲ್ಲಿ ಯಾರ ಬಳಿಯಾದರೂ ಹಳೆಯ ಡಿಡಿಆರ್4 ರ‍್ಯಾಮ್ ಬಿದ್ದಿದ್ದರೆ ಲೆಕ್ಕ ಎಎಂ4 ಕಡೆಗೋ ಡಿಡಿಆರ್4ರ ಎಲ್‌ಜಿಎ1700 ಕಡೆಗೋ ವಾಲುತ್ತದೆ. ಎಲ್ಲವನ್ನೂ ಹೊಸದಾಗಿ ಕೊಳ್ಳುವವರು ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಕೂಡಿಸಿಯೇ ಹೋಲಿಸಬೇಕು. ಪ್ರೊಸೆಸರ್ ಅಗ್ಗ ಕಂಡಿತೆಂದು ಖುಷಿಪಟ್ಟವರಿಗೆ ಅದರ ಬೋರ್ಡೂ ರ‍್ಯಾಮೂ ಆ ಖುಷಿಯನ್ನು ಕಿತ್ತುಕೊಳ್ಳುತ್ತವೆ.

ಹಂತ 3: ಪ್ರೊಸೆಸರ್ ಹೆಸರಿನ ಬಾಲ ಓದಿ

6 ಕೋರ್, 12 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳು) ಇದ್ದರೆ ಇವತ್ತಿನ ಸಾಮಾನ್ಯ ಕೆಲಸಕ್ಕೂ ಗೇಮ್‌ಗೂ ಚೆನ್ನಾಗಿ ನಡೆಯುತ್ತದೆ. ರೈಜೆನ್ 5 5600, ಕೋರ್ ಐ5-12400 ಈ ಸಾಲಿನವು. ಬರೀ ಬರವಣಿಗೆ, ಬ್ರೌಸಿಂಗ್‌ಗೆ 4 ಕೋರ್, 8 ಥ್ರೆಡ್‌ನ ಐ3-12100 ಕೂಡ ಸಾಕು. ಇದಕ್ಕೂ ಮೇಲಿನದು ಬೇಕಾದವರಿಗೆ ಅದು ಯಾಕೆ ಬೇಕು ಎಂದು ಗೊತ್ತಿರುತ್ತದೆ.

ಹೆಸರಿನ ಕೊನೆಯ ಅಕ್ಷರಕ್ಕೆ ಬೆಲೆಯಿದೆ. ಇಂಟೆಲ್‌ನಲ್ಲಿ ‘ಎಫ್’ ಎಂದರೆ ಒಳಗ್ರಾಫಿಕ್ಸ್ ಇಲ್ಲ. ಕಾರ್ಡ್ ಹಾಕದಿದ್ದರೆ ಪರದೆ ಕತ್ತಲೆ. ‘ಕೆ’ ಎಂದರೆ ಓವರ್‌ಕ್ಲಾಕ್ (ನಿಗದಿತ ವೇಗ ಮೀರಿ ಓಡಿಸುವುದು) ಮಾಡಬಹುದಾದದ್ದು, ಜೊತೆಗೆ ಕೂಲರ್ ಬರುವುದಿಲ್ಲ, ಬಜೆಟ್ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಎಎಂಡಿಯ 5000 ಸರಣಿಯಲ್ಲಿ ‘ಜಿ’ ಇದ್ದರೆ ಮಾತ್ರ ಒಳಗ್ರಾಫಿಕ್ಸ್ ಉಂಟು. ಎಎಂ5ರ 7000 ಸರಣಿಯಲ್ಲಿ ಬಹುತೇಕ ಎಲ್ಲಕ್ಕೂ ಒಂದು ಪುಟ್ಟ ಗ್ರಾಫಿಕ್ಸ್ ಇದೆ, 7500ಎಫ್‌ನಂಥವುಗಳಲ್ಲಿ ಇಲ್ಲ. ಆ ಪುಟ್ಟ ಗ್ರಾಫಿಕ್ಸ್ ಪರದೆ ತೋರಿಸಲು ಸಾಕು, ಗೇಮ್‌ಗೆ ಅಲ್ಲ.

ಒಂದೇ ಬಳಗದ ಎರಡು ಮಾದರಿಗಳ ನಡುವೆಯೂ ಕಣ್ಣಿಗೆ ಬೀಳದ ಅಂತರ ಇರುತ್ತದೆ. ರೈಜೆನ್ 5 5500, 5600 ಎರಡಕ್ಕೂ 6 ಕೋರ್. ಆದರೆ 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗಿನ ವೇಗದ ಪುಟ್ಟ ಮೆಮೊರಿ) ಮತ್ತು ಪಿಸಿಐಇ 4.0 (ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಗಳಿಗೆ ಡೇಟಾ ಸಾಗುವ ದಾರಿ) ಇದ್ದರೆ, 5500ರಲ್ಲಿ 16 ಎಂಬಿ ಮತ್ತು ಪಿಸಿಐಇ 3.0. ಗೇಮ್ ಆಡುವವರು ಇಲ್ಲಿ ಸ್ವಲ್ಪ ಹೆಚ್ಚು ತೆತ್ತು 5600 ತೆಗೆದುಕೊಳ್ಳುವುದೇ ಸರಿ. ಲೆಕ್ಕಪತ್ರ ಬರೆಯುವವರಿಗೆ ಈ ವ್ಯತ್ಯಾಸ ಗೊತ್ತೂ ಆಗದು. ಆದರೆ ಎರಡಕ್ಕೂ ಒಳಗ್ರಾಫಿಕ್ಸ್ ಇಲ್ಲದ್ದರಿಂದ ಅವರಿಗೆ 5600ಜಿ ಸೂಕ್ತ.

ಕೂಲರ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. 65 ವಾಟ್ ವರ್ಗದ ಪ್ರೊಸೆಸರ್‌ಗೆ ಪೆಟ್ಟಿಗೆಯಲ್ಲೇ ಬರುವ ಕೂಲರ್ ಸಾಕು, ಸದ್ದು ಸ್ವಲ್ಪ ಜಾಸ್ತಿ ಅಷ್ಟೆ. ಕೂಲರ್ ಇಲ್ಲದ ‘ಟ್ರೇ’ ಪ್ರೊಸೆಸರ್ ಕೊಂಡರೆ ಮಾತ್ರ ಅದರ ಬೆಲೆಯನ್ನೂ ಸೇರಿಸಿ ಹೋಲಿಸಿ.

ಹಂತ 4: ಮದರ್‌ಬೋರ್ಡ್

ಮಧ್ಯಮ ಪ್ರೊಸೆಸರ್‌ಗೆ ಎಕ್ಸ್ ಅಥವಾ ಝಡ್ ಎಂಬ ದುಬಾರಿ ಸರಣಿಯ ಬೋರ್ಡ್ ತರುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಆದರೆ ತೀರಾ ಕೆಳಗಿನದಕ್ಕೂ ಇಳಿಯಬೇಡಿ, ಇದು ಬಿಚ್ಚಿದರೆ ಎಲ್ಲವನ್ನೂ ಬಿಚ್ಚಬೇಕಾದ ಭಾಗ. ಬಿ ಸರಣಿಯ ಚಿಪ್‌ಸೆಟ್‌ಗಳು (ಬೋರ್ಡಿನ ನಿಯಂತ್ರಕ ಚಿಪ್), ಎಂದರೆ ಎಎಂ4ಕ್ಕೆ ಬಿ550, ಎಎಂ5ಕ್ಕೆ ಬಿ650 ಅಥವಾ ಬಿ850, ಎಲ್‌ಜಿಎ1700ಕ್ಕೆ ಬಿ660 ಅಥವಾ ಬಿ760, ಬಜೆಟ್ಟಿಗೆ ಹೇಳಿಮಾಡಿಸಿದವು. ಎಲ್‌ಜಿಎ1700ರ ಅಗ್ಗದ ಎಚ್610ರಲ್ಲಿ ರ‍್ಯಾಮ್ ಸ್ಲಾಟ್ ಎರಡೇ. ರ‍್ಯಾಮನ್ನು ಪ್ರೊಸೆಸರ್‌ನ ಅಧಿಕೃತ ವೇಗಕ್ಕಿಂತ ಮೇಲೆ ಓಡಿಸಲೂ ಅದು ಬಿಡುವುದಿಲ್ಲ. ಆಫೀಸ್ ಕೆಲಸದ ಯಂತ್ರಕ್ಕೆ ಅದೂ ನಡೆದೀತು.

ಬೋರ್ಡ್ ಕೊಳ್ಳುವ ಮೊದಲು ತಯಾರಕರ ಪುಟದಲ್ಲಿ ಇಷ್ಟನ್ನು ನೋಡಿ:

– ಎಂ.2 ಸ್ಲಾಟ್ (ಚಪ್ಪಟೆ ಎಸ್‌ಎಸ್‌ಡಿ ಕೂರುವ ಜಾಗ) ಎಷ್ಟು. ಎರಡಿದ್ದರೆ ಒಳ್ಳೆಯದು. ಕೆಲವು ಬೋರ್ಡ್‌ಗಳಲ್ಲಿ ಎರಡನೇ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟ್ (ಕೇಬಲ್‌ನಿಂದ ಡಿಸ್ಕ್ ಜೋಡಿಸುವ ಕಿಂಡಿ) ಕೆಲಸ ನಿಲ್ಲಿಸುತ್ತವೆ, ಮ್ಯಾನ್ಯುಯಲ್‌ನಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ.
– ನಿಮ್ಮ ಪ್ರೊಸೆಸರ್‌ಗೆ ಯಾವ ಬಯೋಸ್ ಆವೃತ್ತಿ ಬೇಕು. ಹಳೆಯ ಸ್ಟಾಕ್ ಬೋರ್ಡ್ ಹೊಸ ಪ್ರೊಸೆಸರನ್ನು ಗುರುತಿಸದೆ ಸುಮ್ಮನೆ ಕೂರಬಹುದು. ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡಬಹುದು.
– ಹಿಂಬದಿಯ ಪೋರ್ಟ್‌ಗಳು. ಯುಎಸ್‌ಬಿ ನಾಲ್ಕೇ ಇದ್ದರೆ ಕೀಬೋರ್ಡ್, ಮೌಸ್, ವೈಫೈ ಅಡಾಪ್ಟರ್‌ಗೇ ಮೂರು ಹೋಯಿತು.
– ವಿಆರ್‌ಎಂ (ಪ್ರೊಸೆಸರ್‌ಗೆ ವೋಲ್ಟೇಜ್ ಹದಮಾಡಿ ಕೊಡುವ ಭಾಗ) ಮೇಲೆ ಬಿಸಿ ಹೀರುವ ಹೀಟ್‌ಸಿಂಕ್. ಮುಂದೆ 8 ಕೋರ್ ಹಾಕುವ ಮನಸ್ಸಿದ್ದರೆ ಬೇಕೇ ಬೇಕು.

ಗಾತ್ರದಲ್ಲಿ ಮೈಕ್ರೋ ಎಟಿಎಕ್ಸ್ (244×244 ಮಿಮೀ) ಅಗ್ಗ. ಪೂರ್ಣ ಎಟಿಎಕ್ಸ್‌ನ ಹೆಚ್ಚುವರಿ ಸ್ಲಾಟ್‌ಗಳು ಹೆಚ್ಚಿನ ಮನೆಗಳಲ್ಲಿ ಧೂಳು ಹಿಡಿಯುತ್ತವೆ. ಮಿನಿ ಐಟಿಎಕ್ಸ್ ಪುಟ್ಟದಾಗಿ ಮುದ್ದಾಗಿ ಕಾಣುತ್ತದೆ, ಬೆಲೆ ಮಾತ್ರ ಮುದ್ದಾಗಿರುವುದಿಲ್ಲ.

ಹಂತ 5: ರ‍್ಯಾಮ್

ಒಂದು 16 ಜಿಬಿ ಸ್ಟಿಕ್‌ಗಿಂತ 8 ಜಿಬಿಯ ಎರಡು ಸ್ಟಿಕ್ ವೇಗ. ಎರಡು ಚಾನೆಲ್‌ನಲ್ಲಿ ಏಕಕಾಲಕ್ಕೆ ಡೇಟಾ ಹರಿಯುತ್ತದೆ. ಒಳಗ್ರಾಫಿಕ್ಸ್ ನೆಚ್ಚಿಕೊಂಡವರಿಗಂತೂ ಇದು ಹಗಲು ರಾತ್ರಿಯ ವ್ಯತ್ಯಾಸ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಇದೇ ರ‍್ಯಾಮ್‌ನಿಂದಲೇ ಕೆಲಸ ನಡೆಸಬೇಕು. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಎರಡು ಸ್ಟಿಕ್‌ಗಳನ್ನು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಬೇಕು, ಒಂದರ ಪಕ್ಕ ಒಂದಲ್ಲ.

ಡಿಡಿಆರ್4 ಬೋರ್ಡಿಗೆ ಈಗ 2×8 ಜಿಬಿ ಹಾಕಿ, ಮುಂದೆ ಅಂಥದ್ದೇ ಇನ್ನೆರಡು ಸೇರಿಸುವ ಯೋಜನೆ ನಡೆಯುತ್ತದೆ. ಡಿಡಿಆರ್5ರಲ್ಲಿ ಅದು ಅಷ್ಟು ಸಲೀಸಲ್ಲ. ರೈಜೆನ್ 7000 ಸರಣಿಯಲ್ಲಿ ಎರಡು ಸ್ಟಿಕ್‌ಗೆ ಎಎಂಡಿಯ ಅಧಿಕೃತ ವೇಗ 5200, ನಾಲ್ಕು ತುಂಬಿದರೆ 3600. ಆದ್ದರಿಂದ ಎಎಂ5 ಆರಿಸಿದವರು ಸಾಧ್ಯವಾದರೆ ಮೊದಲೇ 2×16 ಜಿಬಿ ತೆಗೆದುಕೊಳ್ಳಿ. ರ‍್ಯಾಮನ್ನು ‘ಬಹುಮಟ್ಟಿಗೆ’ ಮೊದಲ ಗುಂಪು ಎಂದದ್ದು ಇದಕ್ಕೇ.

ವೇಗದ ಅಂಕಿ ಒಂದನ್ನೇ ನೋಡಿ ಮರುಳಾಗಬಾರದು. ಪಕ್ಕದಲ್ಲಿ ‘ಸಿಎಲ್’ ಎಂಬ ಇನ್ನೊಂದು ಅಂಕಿ ಇರುತ್ತದೆ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೋಸೆಕೆಂಡ್‌ನಲ್ಲಿ ವಿಳಂಬ ಸಿಗುತ್ತದೆ. ಡಿಡಿಆರ್4-3200 ಸಿಎಲ್16ಕ್ಕೆ ಅದು 10. ಡಿಡಿಆರ್5-6000 ಸಿಎಲ್30ಕ್ಕೂ 10. ಆದರೆ ಡಿಡಿಆರ್5-6000 ಸಿಎಲ್48ಕ್ಕೆ 16! ಬಜೆಟ್ ಯಂತ್ರಕ್ಕೆ ಡಿಡಿಆರ್4ರಲ್ಲಿ 3200, ಡಿಡಿಆರ್5ರಲ್ಲಿ 5600ರಿಂದ 6000 ಒಳ್ಳೆಯ ಗುರಿ. ಅದಕ್ಕಿಂತ ಮೇಲಿನದಕ್ಕೆ ಕೊಡುವ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. ಬಣ್ಣದ ದೀಪ ಮಿನುಗುವ ರ‍್ಯಾಮ್‌ಗೂ ಇದೇ ಮಾತು.

ಹಂತ 6: ಗ್ರಾಫಿಕ್ಸ್ ಕಾರ್ಡ್

ಹೆಸರು ಒಂದೇ, ಒಳಗಿನ ಸರಕು ಬೇರೆ. ಬಜೆಟ್ ಕಾರ್ಡ್‌ಗಳ ಲೋಕದಲ್ಲಿ ಹೆಚ್ಚು ಜನ ಮೋಸಹೋಗುವುದು ಇಲ್ಲಿ. ಎನ್‌ವಿಡಿಯಾದ ಜಿಟಿ 1030 ಎರಡು ಬಗೆಯಲ್ಲಿದೆ. ಜಿಡಿಡಿಆರ್5 ಇರುವುದರ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸಿದರೆ, ಡಿಡಿಆರ್4 ಇರುವುದು ಬರೀ 16.8 ಜಿಬಿ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದ ಹೆಸರು ಒಂದೇ. ಆರ್‌ಟಿಎಕ್ಸ್ 3050ರ 8 ಜಿಬಿ ಮತ್ತು 6 ಜಿಬಿ ಮಾದರಿಗಳೂ ಹಾಗೆಯೇ. ವ್ಯತ್ಯಾಸ 2 ಜಿಬಿ ಮೆಮೊರಿ ಮಾತ್ರ ಎಂದುಕೊಳ್ಳಬೇಡಿ, ಮೊದಲನೆಯದರಲ್ಲಿ 2560 ಕ್ಯೂಡಾ ಕೋರ್ (ಕಾರ್ಡಿನೊಳಗೆ ಲೆಕ್ಕ ಮಾಡುವ ಘಟಕಗಳು), ಎರಡನೆಯದರಲ್ಲಿ 2304. 6 ಜಿಬಿ ಮಾದರಿಗೆ ಒಂದು ಸದ್ಗುಣವಿದೆ: 70 ವಾಟ್ ಸಾಕು, ಪ್ರತ್ಯೇಕ ಪವರ್ ಕೇಬಲ್ ಬೇಡದ ಕಾರ್ಡ್‌ಗಳು ಬರುತ್ತವೆ. ಹಳೆಯ ಆಫೀಸ್ ಕಂಪ್ಯೂಟರ್‌ಗೆ ಜೀವ ತುಂಬಲು ಅದು ಚೆನ್ನ.

1080ಪಿ ಗೇಮಿಂಗ್‌ಗೆ ಈಗ 8 ಜಿಬಿ ವಿರ‍್ಯಾಮ್ (ಕಾರ್ಡಿನ ಸ್ವಂತ ಮೆಮೊರಿ) ಕನಿಷ್ಠ ಎಂದಿಟ್ಟುಕೊಳ್ಳಿ. ರೇಡಿಯಾನ್ ಆರ್‌ಎಕ್ಸ್ 6600 ವರ್ಷಗಳಿಂದ ಬಡವರ ಬಂಧು. 8 ಜಿಬಿ, 132 ವಾಟ್. ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿ ಮಾದರಿಯನ್ನೇ ಹುಡುಕಿ, ಅದರ 8 ಜಿಬಿ ಮಾದರಿಯಲ್ಲಿ ಮೆಮೊರಿಯ ಹಾದಿಯೂ ಕಿರಿದಾಗಿದೆ. ಇಂಟೆಲ್‌ನ ಆರ್ಕ್ ಬಿ580ರಲ್ಲಿ 12 ಜಿಬಿ ಇದೆ, ಆದರೆ ಬಯೋಸ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ತಲುಪಲು ಬಿಡುವ ಸೌಲಭ್ಯ) ಆನ್ ಆಗದಿದ್ದರೆ ಆರ್ಕ್ ಕಾರ್ಡ್‌ಗಳು ಸೊರಗುತ್ತವೆ. ಹಳೆಯ ಪ್ರೊಸೆಸರ್ ಜೊತೆ ಅವನ್ನು ಕಟ್ಟಬೇಡಿ.

ಪಿಸಿಐಇ ಲೇನ್ (ಆ ದಾರಿಯಲ್ಲಿನ ಸಾಲುಗಳು) ಲೆಕ್ಕವನ್ನು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ, ನೋಡುವ ಅಗತ್ಯವೂ ಇರುವುದಿಲ್ಲ. ಒಂದು ಅಪವಾದ ಆರ್‌ಎಕ್ಸ್ 6500 ಎಕ್ಸ್‌ಟಿ. ಅದು ಬಳಸುವುದು 4 ಲೇನ್ ಮಾತ್ರ, ಮೆಮೊರಿ 4 ಜಿಬಿ. ಪಿಸಿಐಇ 3.0 ಇರುವ 5500 ಅಥವಾ 5600ಜಿ ಜೊತೆ ಹಾಕಿದರೆ ಎರಡೂ ಕಡೆಯಿಂದ ಉಸಿರುಗಟ್ಟುತ್ತದೆ.

ಸದ್ಯಕ್ಕೆ ದುಡ್ಡು ಸಾಲದೇ? ಒಳಗ್ರಾಫಿಕ್ಸ್ ಇರುವ ಪ್ರೊಸೆಸರ್ ಹಾಕಿ ಶುರು ಮಾಡಿ, ಕಾರ್ಡ್ ಆಮೇಲೆ ಬರಲಿ. ಅರೆಮನಸ್ಸಿನಿಂದ ಒಂದು ಬಡಕಲು ಕಾರ್ಡ್ ಕೊಂಡು ಆರು ತಿಂಗಳಿಗೆ ಮಾರುವುದಕ್ಕಿಂತ ಇದು ಮೇಲು.

ಹಂತ 7: ಎಸ್‌ಎಸ್‌ಡಿ

ಆಪರೇಟಿಂಗ್ ಸಿಸ್ಟಮ್ ಹಾರ್ಡ್ ಡಿಸ್ಕ್ ಮೇಲೆ ಇರಲೇಬಾರದು. ಇದರಲ್ಲಿ ಚರ್ಚೆಯಿಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ, ಪಿಸಿಐಇ 3.0 ಎನ್‌ವಿಎಂಇ (ಪಿಸಿಐಇ ದಾರಿ ಬಳಸುವ ಎಸ್‌ಎಸ್‌ಡಿ) ಸುಮಾರು 3500 ಎಂಬಿ, 4.0 ಸುಮಾರು 7000 ಎಂಬಿವರೆಗೆ ಓದುತ್ತವೆ. ದಿನನಿತ್ಯದ ಕೆಲಸದಲ್ಲಿ ಕೊನೆಯ ಎರಡರ ನಡುವೆ ವ್ಯತ್ಯಾಸ ತಿಳಿಯುವುದು ಅಪರೂಪ, ಹಾಗಾಗಿ ವೇಗಕ್ಕಿಂತ ಜಾಗಕ್ಕೆ ದುಡ್ಡು ಹಾಕಿ. ಎಂ.2 ಆಕಾರ ಇದ್ದಮಾತ್ರಕ್ಕೆ ಎನ್‌ವಿಎಂಇ ಎಂದಲ್ಲ, ಎಂ.2 ಸಾಟಾ ಕೂಡ ಇದೆ.

ಎಸ್‌ಎಸ್‌ಡಿ ಚಿಪ್‌ಗಳ ಬಗೆಯನ್ನೂ ನೋಡಿ: ಟಿಎಲ್‌ಸಿಯಲ್ಲಿ ಒಂದು ಸೆಲ್‌ಗೆ 3 ಬಿಟ್, ಕ್ಯುಎಲ್‌ಸಿಯಲ್ಲಿ 4. ಕ್ಯುಎಲ್‌ಸಿ ಅಗ್ಗ, ಆದರೆ ಒಮ್ಮೆಗೇ ದೊಡ್ಡ ಫೈಲ್ ತುಂಬಿಸುವಾಗ ಕ್ಯಾಶ್ ಮುಗಿದ ಮೇಲೆ ತೀರಾ ನಿಧಾನವಾಗುತ್ತದೆ. ಸಿನಿಮಾ, ಗೇಮ್ ಇಡಲು ಸರಿ, ವಿಡಿಯೋ ಎಡಿಟಿಂಗ್‌ಗೆ ಬೇಡ. 1000 ಜಿಬಿ ಕೊಂಡು ವಿಂಡೋಸ್‌ನಲ್ಲಿ 931 ಕಂಡರೆ ಗಾಬರಿಯಾಗಬೇಡಿ. ಎಣಿಸುವ ಪದ್ಧತಿ ಬೇರೆ, ಯಾರೂ ಕದ್ದಿಲ್ಲ.

ಹಂತ 8: ಪವರ್ ಸಪ್ಲೈ

ಬೇರೆ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಅದೊಂದೇ ಕೆಡುತ್ತದೆ. ಕಳಪೆ ಪವರ್ ಸಪ್ಲೈ ಕೆಡುವಾಗ ಜೊತೆಗಾರರನ್ನೂ ಕರೆದುಕೊಂಡು ಹೋಗುವುದುಂಟು. ಮೂರು ವರ್ಷದಲ್ಲಿ ಗ್ರಾಫಿಕ್ಸ್ ಕಾರ್ಡ್ ಬದಲಾಗುತ್ತದೆ, ಒಳ್ಳೆಯ ಪವರ್ ಸಪ್ಲೈ ಮಾತ್ರ ಮುಂದಿನ ಯಂತ್ರಕ್ಕೂ ದಾಟುತ್ತದೆ.

ಮೊದಲು ಎಷ್ಟು ವಾಟ್ ಬೇಕೆಂದು ಕೂಡಿಸಿ. 65 ವಾಟ್ ವರ್ಗದ ಎಎಂ4 ಪ್ರೊಸೆಸರ್ ಪೂರ್ತಿ ದುಡಿಯುವಾಗ 88 ವಾಟ್‌ವರೆಗೆ ಎಳೆಯಬಹುದು. ಆರ್‌ಎಕ್ಸ್ 6600ಕ್ಕೆ 132. ಬೋರ್ಡ್, ರ‍್ಯಾಮ್, ಫ್ಯಾನ್, ಡಿಸ್ಕ್ ಎಲ್ಲ ಸೇರಿ 50 ಎಂದಿಟ್ಟುಕೊಳ್ಳಿ. ಒಟ್ಟು 270. ಗ್ರಾಫಿಕ್ಸ್ ಕಾರ್ಡ್‌ಗಳು ಕ್ಷಣಮಾತ್ರ ಹೆಚ್ಚು ಎಳೆಯುವುದರಿಂದಲೂ ಮುಂದೆ ದೊಡ್ಡ ಕಾರ್ಡ್ ಬರಬಹುದು ಎಂಬುದರಿಂದಲೂ 500ರಿಂದ 550 ವಾಟ್‌ನದು ನೆಮ್ಮದಿ. 850 ವಾಟ್ ಬೇಕೆಂದು ಹೆದರಿಸುವವರ ಮಾತು ಕೇಳಬೇಡಿ.

ಈಗ ಪೆಟ್ಟಿಗೆಯ ಮೇಲಿನ ವಾಟ್ ಬಿಟ್ಟು, ಪವರ್ ಸಪ್ಲೈ ಮೈಮೇಲೆ ಅಂಟಿಸಿರುವ ಕೋಷ್ಟಕ ನೋಡಿ. ಅದರಲ್ಲಿ +3.3ವಿ, +5ವಿ, +12ವಿ ಎಂಬ ಕಾಲಂಗಳೂ ಕೆಳಗೆ ಆಂಪಿಯರ್ ಅಂಕಿಗಳೂ ಇರುತ್ತವೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಹೆಚ್ಚಾಗಿ ಉಣ್ಣುವುದು +12ವಿಯಿಂದ. ‘500 ವಾಟ್’ ಎಂದು ಬರೆದು +12ವಿಗೆ 41 ಆಂಪಿಯರ್ ಕೊಟ್ಟಿದ್ದರೆ 12×41, ಎಂದರೆ 492 ವಾಟ್ ನಿಮ್ಮ ಕೈಗೆ ಸಿಗುತ್ತದೆ. ಅದೇ ‘500 ವಾಟ್’ ಹೆಸರಿನ ಇನ್ನೊಂದರಲ್ಲಿ +12ವಿಗೆ 30 ಆಂಪಿಯರ್ ಇದ್ದರೆ ನಿಜವಾದ ಬಲ 360 ವಾಟ್. ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್‌ಗಳ ಈ ಕೋಷ್ಟಕವನ್ನು ಒಮ್ಮೆ ಓದಿದರೆ ಸಾಕು, ಆಮೇಲೆ ಯಾರೂ ಹೇಳಬೇಕಾಗಿಲ್ಲ. ಕೆಲವಕ್ಕೆ ಕೋಷ್ಟಕವೇ ಇರುವುದಿಲ್ಲ!

80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬ ಮುದ್ರೆಗಳು ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು. ಶೇ 85 ದಕ್ಷತೆಯಲ್ಲಿ 300 ವಾಟ್ ಕೊಡಲು ಗೋಡೆಯಿಂದ ಸುಮಾರು 353 ವಾಟ್ ಎಳೆಯುತ್ತದೆ. ಒಳಗಿನ ಸರ್ಕೀಟ್ ಸುರಕ್ಷಿತವೇ ಎಂಬುದಕ್ಕೆ ಆ ಮುದ್ರೆ ಜಾಮೀನಲ್ಲ. ಓವರ್ ವೋಲ್ಟೇಜ್, ಓವರ್ ಕರೆಂಟ್, ಶಾರ್ಟ್ ಸರ್ಕೀಟ್, ಅತಿಬಿಸಿ ಇವುಗಳಿಂದ ರಕ್ಷಣೆ ಇದೆಯೇ, ವಾರಂಟಿ ಎಷ್ಟು ವರ್ಷ, ಬಿಚ್ಚಿ ಪರೀಕ್ಷಿಸಿದ ವಿಮರ್ಶೆಗಳು ಏನು ಹೇಳುತ್ತವೆ ನೋಡಿ. ಐದು ವರ್ಷ ವಾರಂಟಿ ಕೊಡುವ ತಯಾರಕರು ಒಳಗೆ ಕಸ ತುಂಬುವುದು ಕಡಿಮೆ.

ಕೇಬಲ್ ಬಗ್ಗೆ ಒಂದು ಎಚ್ಚರಿಕೆ. ಕಳಚಿ ತೆಗೆಯಬಹುದಾದ ಮಾಡ್ಯುಲರ್ ಕೇಬಲ್‌ಗಳನ್ನು ಒಂದು ಪವರ್ ಸಪ್ಲೈಯಿಂದ ಇನ್ನೊಂದಕ್ಕೆ ಹಾಕಬೇಡಿ. ಪ್ಲಗ್ ಕೂರಬಹುದು, ಆದರೆ ಒಳಗಿನ ತಂತಿಯ ಕ್ರಮ ಬೇರೆಯಿದ್ದರೆ ಎಸ್‌ಎಸ್‌ಡಿ ಸುಟ್ಟುಹೋಗುತ್ತದೆ.

ಹಂತ 9: ಕ್ಯಾಬಿನೆಟ್

ಮುಂಭಾಗ ಜಾಲರಿಯಿರಲಿ, ಗಾಜಿನ ಗೋಡೆ ಬೇಡ. ಹಿಂದೊಂದು ಮುಂದೊಂದು ಫ್ಯಾನ್ ಇದ್ದರೆ ಬಜೆಟ್ ಯಂತ್ರಕ್ಕೆ ಸಾಕು. ಕಾರ್ಡಿನ ಉದ್ದ, ಕೂಲರಿನ ಎತ್ತರ ಎರಡನ್ನೂ ಕ್ಯಾಬಿನೆಟ್ ಪುಟದ ಮಿತಿಗಳ ಜೊತೆ ತಾಳೆ ನೋಡಿ. ಇಲ್ಲಿ ಎಷ್ಟು ಉಳಿಸಿದರೂ ತೊಂದರೆಯಿಲ್ಲ. ಹಳೆಯ ಎಟಿಎಕ್ಸ್ ಕ್ಯಾಬಿನೆಟ್ ಮನೆಯಲ್ಲಿದ್ದರೆ ಒರೆಸಿ ಬಳಸಿ.

ಹಂತ 10: ಸೆಕೆಂಡ್ ಹ್ಯಾಂಡ್ ಯಾವುದು ಸರಿ

ಪ್ರೊಸೆಸರ್ ಬೇಗ ಕೆಡುವ ವಸ್ತುವಲ್ಲ, ಬಳಸಿದ್ದನ್ನು ಕೊಳ್ಳಲು ಅದೇ ಅತ್ಯುತ್ತಮ. ಎಎಂ4 ಪ್ರೊಸೆಸರ್‌ನ ಅಡಿಯಲ್ಲಿರುವ ಪಿನ್‌ಗಳು ಬಾಗಿವೆಯೇ ನೋಡಿ. ಇಂಟೆಲ್ ಮತ್ತು ಎಎಂ5ರಲ್ಲಿ ಪಿನ್ ಇರುವುದು ಬೋರ್ಡಿನ ಸಾಕೆಟ್‌ನಲ್ಲಿ, ಹಾಗಾಗಿ ಅಲ್ಲಿ ಬೋರ್ಡನ್ನೇ ಬೆಳಕಿಗೆ ಹಿಡಿಯಬೇಕು. ಇಂಟೆಲ್‌ನ 13 ಮತ್ತು 14ನೇ ಜನರೇಷನ್‌ನ ಕೆಲವು ಮೇಲ್ದರ್ಜೆಯ ಪ್ರೊಸೆಸರ್‌ಗಳಿಗೆ ಅತಿ ವೋಲ್ಟೇಜ್‌ನಿಂದ ಅಸ್ಥಿರತೆಯ ಕಾಟವಿತ್ತು. ಕಂಪನಿ 2024ರಲ್ಲಿ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳು) ತಿದ್ದುಪಡಿ ಕೊಟ್ಟು ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಅವನ್ನು ಬಳಸಿದ ಸ್ಥಿತಿಯಲ್ಲಿ ನಾನಂತೂ ಕೊಳ್ಳೆ. 12ನೇ ಜನರೇಷನ್‌ಗೆ ಆ ತೊಂದರೆ ಇಲ್ಲ.

ಎಲ್‌ಜಿಎ1151 ಇನ್ನೊಂದು ಬಲೆ. 6, 7ನೇ ಜನರೇಷನ್ನಿನ ಬೋರ್ಡೂ 8, 9ರ ಬೋರ್ಡೂ ಇದೇ ಹೆಸರಿನವು, ಆದರೆ 8ನೇ ಜನರೇಷನ್ ಪ್ರೊಸೆಸರ್ ಹಳೆಯ ಬೋರ್ಡ್‌ನಲ್ಲಿ ಓಡುವುದಿಲ್ಲ. ವಿಂಡೋಸ್ 11ರ ಅಧಿಕೃತ ಪಟ್ಟಿ ಬಹುತೇಕ ಇಂಟೆಲ್ 8ನೇ ಜನರೇಷನ್ ಮತ್ತು ರೈಜೆನ್ 2000ದಿಂದ ಶುರುವಾಗುತ್ತದೆ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇದಕ್ಕೂ ಹಳೆಯದು ಅಗ್ಗಕ್ಕೆ ಸಿಕ್ಕರೆ ಲಿನಕ್ಸ್ ಹಾಕುವ ಉದ್ದೇಶವಿದ್ದರೆ ಮಾತ್ರ ತೆಗೆದುಕೊಳ್ಳಿ.

ರ‍್ಯಾಮ್ ಬಳಸಿದ್ದು ಪರವಾಗಿಲ್ಲ, ಮನೆಗೆ ತಂದ ರಾತ್ರಿಯೇ ಮೆಮ್‌ಟೆಸ್ಟ್86 ಎಂಬ ಪರೀಕ್ಷಾ ತಂತ್ರಾಂಶ ಓಡಿಸಿ. ಗ್ರಾಫಿಕ್ಸ್ ಕಾರ್ಡನ್ನು ಕಣ್ಣೆದುರು ಅರ್ಧ ಗಂಟೆ ಗೇಮ್ ಅಥವಾ ಬೆಂಚ್‌ಮಾರ್ಕ್ ಓಡಿಸದೆ ದುಡ್ಡು ಕೊಡಬೇಡಿ. ಎಸ್‌ಎಸ್‌ಡಿಯ ಸ್ಮಾರ್ಟ್ ವಿವರದಲ್ಲಿ (ಅದು ತಾನೇ ಇಟ್ಟುಕೊಳ್ಳುವ ಆರೋಗ್ಯದ ದಾಖಲೆ) ಎಷ್ಟು ಬರೆಯಲಾಗಿದೆ ನೋಡಿ. ಪವರ್ ಸಪ್ಲೈ ಮಾತ್ರ ಹೊಸದೇ ಇರಲಿ.

ಬಳಸಿದ ಆಫೀಸ್ ಡೆಸ್ಕ್‌ಟಾಪ್ ಇಡಿಯಾಗಿ ತರುವುದು ಕೆಲವೊಮ್ಮೆ ಜೋಡಿಸುವುದಕ್ಕಿಂತ ಅಗ್ಗ. ಆದರೆ ಅಂಥ ಎಷ್ಟೋ ಯಂತ್ರಗಳ ಬೋರ್ಡ್, ಪವರ್ ಸಪ್ಲೈ, ಕನೆಕ್ಟರ್ ಆ ತಯಾರಕರದೇ ವಿಶೇಷ ಅಳತೆಯವು, ಹೊರಗಿನ ಭಾಗ ಹೊಂದುವುದಿಲ್ಲ. ಬರವಣಿಗೆ, ಪಾಠಕ್ಕೆ ತನ್ನಿ. ಬೆಳೆಸುತ್ತೇನೆ ಎಂದುಕೊಂಡು ತರಬೇಡಿ.

ಹಂತ 11: ತಾಳೆ ನೋಡಿ, ಕೊಳ್ಳಿ, ಬೇಗ ಪರೀಕ್ಷಿಸಿ

ಪಟ್ಟಿ ಸಿದ್ಧವಾದ ಮೇಲೆ ಪಿಸಿಪಾರ್ಟ್‌ಪಿಕರ್‌ನಂಥ ತಾಣದಲ್ಲಿ ಹಾಕಿ ಹೊಂದಾಣಿಕೆ ನೋಡಿ. ಬಯೋಸ್ ಆವೃತ್ತಿಯಂಥ ಸೂಕ್ಷ್ಮಗಳಿಗೆ ಬೋರ್ಡ್ ತಯಾರಕರ ಪಟ್ಟಿಯೇ ಕೊನೆಯ ಮಾತು. ಎಲ್ಲ ಭಾಗಗಳನ್ನೂ ಒಂದೇ ವಾರದೊಳಗೆ ತರಿಸಿಕೊಳ್ಳಿ. ಒಂದನ್ನು ಈಗ ಇನ್ನೊಂದನ್ನು ಎರಡು ತಿಂಗಳಿಗೆ ಕೊಂಡರೆ, ಜೋಡಿಸಿ ನೋಡುವ ಹೊತ್ತಿಗೆ ಮೊದಲನೆಯದರ ವಾಪಸಾತಿ ಗಡುವು ಮುಗಿದಿರುತ್ತದೆ.

ಕ್ಯಾಬಿನೆಟ್‌ಗೆ ಕೂರಿಸುವ ಮೊದಲು ಬೋರ್ಡಿನ ಪೆಟ್ಟಿಗೆಯ ಮೇಲೆಯೇ ಪ್ರೊಸೆಸರ್, ಕೂಲರ್, ರ‍್ಯಾಮ್, ಗ್ರಾಫಿಕ್ಸ್, ಪವರ್ ಸಪ್ಲೈ ಇಷ್ಟನ್ನೇ ಜೋಡಿಸಿ ಪರದೆ ಬರುತ್ತದೆಯೇ ನೋಡಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿರಾ? ಕಾರ್ಡ್ ಹಾಕಿದ್ದರೆ ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿದ್ದೀರಾ? ಡಿಡಿಆರ್5 ಬೋರ್ಡ್ ಮೊದಲ ಸಲ ಮೆಮೊರಿ ಹೊಂದಿಸಿಕೊಳ್ಳಲು ಹಲವು ನಿಮಿಷ ಕತ್ತಲೆ ಪರದೆಯಲ್ಲೇ ಕೂರಬಹುದು, ಸತ್ತುಹೋಯಿತೆಂದು ಸ್ವಿಚ್ ಆರಿಸಬೇಡಿ.

ಬಯೋಸ್ ತೆರೆದುಕೊಂಡಾಗ ರ‍್ಯಾಮ್ ವೇಗ ನೋಡಿ. 3200ರ ರ‍್ಯಾಮ್ ತಂದಿದ್ದರೂ 2133 ಅಥವಾ 2400 ಎಂದು ತೋರಿಸುತ್ತಿದ್ದರೆ ಕೆಟ್ಟಿದೆ ಎಂದಲ್ಲ. ಇಂಟೆಲ್‌ನಲ್ಲಿ ಎಕ್ಸ್‌ಎಂಪಿ, ಎಎಂ5ರಲ್ಲಿ ಎಕ್ಸ್‌ಪೋ ಎಂಬ ಪ್ರೊಫೈಲ್ (ಪೂರ್ಣ ವೇಗಕ್ಕೆ ಸಿದ್ಧವಾಗಿಟ್ಟ ಹೊಂದಿಕೆ) ಆನ್ ಮಾಡಬೇಕು. ಹೆಚ್ಚು ದುಡ್ಡು ಕೊಟ್ಟು ತಂದ ವೇಗವನ್ನು ವರ್ಷಗಟ್ಟಲೆ ಬಳಸದೇ ಇರುವವರು ಬೇಕಾದಷ್ಟು ಜನ. ವಿಂಡೋಸ್ ಹಾಕಿ, ಡ್ರೈವರ್ ಹಾಕಿ, ಒಂದು ಗಂಟೆ ಭಾರವಾದ ಕೆಲಸ ಕೊಟ್ಟು ಪ್ರೊಸೆಸರ್ ಮತ್ತು ಕಾರ್ಡಿನ ಬಿಸಿ ಗಮನಿಸಿ. ತಾನಾಗಿ ಆರಿಹೋದರೆ, ನೀಲಿ ಪರದೆ ಬಂದರೆ ವಾಪಸ್ ಕೊಡುವ ಗಡುವಿನೊಳಗೇ ಗೊತ್ತಾಗಲಿ.

ಬಿಲ್‌ಗಳ ಜೊತೆಗೆ ಬೋರ್ಡಿನ ಪೆಟ್ಟಿಗೆಯಲ್ಲಿ ಉಳಿದ ಎಂ.2 ಸ್ಕ್ರೂ ಮತ್ತು ಬಳಸದ ಮಾಡ್ಯುಲರ್ ಕೇಬಲ್‌ಗಳನ್ನು ಒಂದೇ ಡಬ್ಬದಲ್ಲಿ, ಯಾವ ಪವರ್ ಸಪ್ಲೈಯದೆಂದು ಚೀಟಿ ಅಂಟಿಸಿ ಇಡಿ. ಎರಡನೇ ಎಸ್‌ಎಸ್‌ಡಿ ಹಾಕುವ ದಿನ ಆ ಪುಟ್ಟ ಸ್ಕ್ರೂ ಬಿಡಿಯಾಗಿ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ.